ಪಕೀರಮ್ಮ ಹಿಡಿದ ನುಡಿ

ಪಾಮನಕಲ್ಲೂರಿನ ಕೆಳಗೇರಿಯಲ್ಲಿ ಪಕೀರಮ್ಮ ಎಂದರೆ ಕಿವಿ. ಆಕೆಯ ಕಣ್ಣು ಸಾಧಾರಣ, ಕೈ ಕೂಲಿಯ ಕೈ, ಬಾಯಿ ಕೇರಿಯ ಉಳಿದ ಹೆಂಗಸರ ಬಾಯಿಯಷ್ಟೇ ಜೋರು. ಕಿವಿಯ ಮಾತು ಮಾತ್ರ ಬೇರೆ. ಮಗಳಿಗೆ ಗಂಡು ಗೊತ್ತು ಮಾಡುವ ಮುಂಚೆ, ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕಲು ಹೊರಡುವ ಮುಂಚೆ, ಹೊಸ ಗುಡಿಸಲಿಗೆ ಕಂಬ ನೆಡುವ ಮುಂಚೆ ಜನ ಆಕೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಯಕ್ಕಾ, ಒಂದು ನುಡಿ ಹಿಡ್ಕೊಂಡು ಬಾಬೇ" ಎಂದು ಕೇಳುತ್ತಿದ್ದರು.

ನುಡಿ ಹಿಡಿಯುವುದನ್ನು ಆಕೆಗೆ ಕಲಿಸಿದವಳು ಅಜ್ಜಿ ಜೋಗಮ್ಮ. ತಲೆಗೆ ನೀರು ಹಾಕಿಕೊಳ್ಳಬೇಕು. ಕೇಳಬೇಕಾದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಯಾರದಾದರೂ ಗೋಡೆಯ ಹಿಂದೆ ಹೋಗಿ ನಿಲ್ಲಬೇಕು. ಒಳಗಿನವರ ಬಾಯಿಂದ ಮೊದಲು ಬರುವ ಪೂರ್ತಿ ಮಾತು ಯಾವುದೋ ಅದೇ ಉತ್ತರ. ಅದು ಕಿವಿಗೆ ಬಿದ್ದ ಕೂಡಲೇ ಸೆರಗಿನಿಂದ ಎರಡೂ ಕಿವಿ ಒತ್ತಿ ಮುಚ್ಚಿಕೊಂಡು, ಯಾರೊಡನೆಯೂ ಮಾತಾಡದೆ ಮನೆ ಸೇರಬೇಕು. ದಾರಿಯಲ್ಲಿ ಇನ್ನೊಂದು ಮಾತು ಕಿವಿಗೆ ಹೊಕ್ಕರೆ ಹಿಡಿದ ನುಡಿ ಒಡೆದು ಹೋಗುತ್ತದೆ ಎಂಬುದು ಜೋಗಮ್ಮನ ಕಟ್ಟಪ್ಪಣೆ.

ಒಮ್ಮೆ ಕುಲಕರ್ಣಿಯವರ ಹಿತ್ತಲ ಗೋಡೆಯ ಹಿಂದೆ ನಿಂತಾಗ ಆಕೆಗೆ ಸಿಕ್ಕಿದ್ದು "ಚೆಲ್ಲಿಬಿಡು, ಕೆಟ್ಟೈತಿ" ಎಂಬ ನುಡಿ. ಅವರು ಹೇಳಿದ್ದು ಹುಳಿ ಬಂದ ಮಜ್ಜಿಗೆಗೆ. ಆದರೂ ಆ ಮಾತಿನ ಮೇಲೆ ಒಂದು ಮದುವೆ ಮುರಿಯಿತು. ಇದನ್ನೆಲ್ಲ ನಂಬುತ್ತಿದ್ದರೇ ಎಂದು ನಗಬೇಡಿ. ನಿಜವಾದ ನುಡಿ ನಾಲ್ಕು ಊರು ತಿರುಗುತ್ತಿತ್ತು, ಸುಳ್ಳಾದದ್ದನ್ನು ಮರುದಿನವೇ ಎಲ್ಲರೂ ಮರೆಯುತ್ತಿದ್ದರು. ಇಷ್ಟಿದ್ದರೆ ಯಾವ ಹೆಸರಾದರೂ ಉಳಿಯುತ್ತದೆ.

ಆಕೆಯ ಗಂಡ ಗಾಳೆಪ್ಪ ಎತ್ತು ಹೂಡಿ ನೀರೆತ್ತುವ ಕಪಿಲೆ ಬಾವಿಗಳಿಗೆ ತೊಗಲಿನ ಚೀಲ ಹೊಲಿಯುವವನು. ಮಾತು ಕಡಿಮೆ, ನಗು ಇನ್ನೂ ಕಡಿಮೆ, ಆದರೆ ಅವನು ಹೊಲಿದ ಚೀಲದಿಂದ ಒಂದು ಹನಿ ಸೋರಿದ್ದನ್ನು ಕಂಡವರಿಲ್ಲ. ಇದ್ದೊಬ್ಬ ಮಗಳು ಯಮನೂರಮ್ಮನನ್ನು ಮುಕ್ಕುಂದಕ್ಕೆ ಕೊಟ್ಟಿದ್ದರು. ಮನೆಯಲ್ಲಿ ಉಳಿದವರು ಗಂಡ ಹೆಂಡತಿ ಇಬ್ಬರೇ, ಮಗ್ಗುಲ ಮನೆಯಲ್ಲಿ ಗಾಳೆಪ್ಪನ ತಮ್ಮ ಅಂಬಪ್ಪ.

ಲಿಂಗಸುಗೂರಿನ ಕಡೆಯಿಂದ ಕ್ರೈಸ್ತ ಉಪದೇಶಿ ನರಸಣ್ಣನವರು ಬಂದು ಕೇರಿಯ ತುದಿಯಲ್ಲಿ ಪ್ರಾರ್ಥನೆಯ ಚಪ್ಪರ ಹಾಕಿದಾಗ ಅರ್ಧ ಕೇರಿ ಸ್ನಾನದೀಕ್ಷೆ ತೆಗೆದುಕೊಂಡಿತು. ಗಾಳೆಪ್ಪ ಪಕೀರಮ್ಮ ಇಬ್ಬರೂ ಹಳ್ಳದ ನೀರಿನಲ್ಲಿ ಮುಳುಗಿ ಎದ್ದರು. ಆಕೆ ತೋಳಿನ ತಾಯಿತ ಬಿಚ್ಚಿ ಒಗೆದಳು, ಕೋಳಿಯ ಹರಕೆ ಬಿಟ್ಟಳು, ಜಗುಲಿಯ ಮೇಲಿದ್ದ ಕುಂಕುಮದ ಕಲ್ಲುಗಳನ್ನು ಹಳ್ಳಕ್ಕೆ ಹಾಕಿಬಂದಳು. ನುಡಿ ಹಿಡಿಯುವುದನ್ನು ಮಾತ್ರ ಬಿಡಲಿಲ್ಲ. ಅದು ಕಲ್ಲಲ್ಲ, ತಾಯಿತವಲ್ಲ, ಬರಿಯ ಕಿವಿ. ಕಿವಿಯನ್ನು ಯಾವ ಹಳ್ಳಕ್ಕೆ ಹಾಕುವುದು? ಮೇಲಾಗಿ ಈಗ ದೇವರ ಮಾತನ್ನೇ ದಿನವೂ ಚಪ್ಪರದಲ್ಲಿ ಓದುತ್ತಿರುವಾಗ ಕುಲಕರ್ಣಿಯವರ ಮಜ್ಜಿಗೆಯ ಮಾತಿಗೆ ಯಾರು ಕಾಯುತ್ತಾರೆ ಎಂದುಕೊಂಡಳು. ಅಂದಿನಿಂದ ಆಕೆ ಚಪ್ಪರದ ತಡಿಕೆಯ ಹಿಂದೆ ನಿಲ್ಲತೊಡಗಿದಳು.

ಮಗಳ ಮೊದಲ ಹೆರಿಗೆಯ ಸುದ್ದಿಗೆ ಕಾಯುತ್ತಿದ್ದಾಗ ಅಲ್ಲಿಂದ ಹಿಡಿದುಕೊಂಡು ಬಂದ ನುಡಿ "ಹೆದರಬ್ಯಾಡ" ಎಂಬುದು. ಹೆರಿಗೆ ಹೂವಿನಷ್ಟು ಹಗುರಾಗಿ ಆಯಿತು. ಆಮೇಲೆ ಆಕೆಯ ನಂಬಿಕೆಯನ್ನು ಅಲುಗಿಸುವವರೇ ಇಲ್ಲವಾದರು.

ನರಸಣ್ಣನವರ ಪದ್ಧತಿ ಎಂದರೆ ಗ್ರಂಥದ ಒಂದು ಭಾಗವನ್ನು ಓದಿ, ಅದನ್ನೇ ಕೇರಿಯ ಮಾತಿನಲ್ಲಿ ಕಥೆಯಂತೆ ಬಿಡಿಸಿ ಹೇಳುವುದು. ಗ್ರಂಥದ ಭಾಷೆ ಪಕೀರಮ್ಮನಿಗೆ ತಿಳಿಯದು, ಹಾಗೆ ಬಿಡಿಸಿ ಹೇಳಿದ ಮೊದಲ ಮಾತೇ ಆಕೆಗೆ ನುಡಿ. ಹಾಡು ಮುಗಿಯುವವರೆಗೆ ಪಕೀರಮ್ಮ ಒಳಗೆ ಕೂತಿರುತ್ತಾಳೆ, ಓದು ಶುರುವಾಗುವ ಹೊತ್ತಿಗೆ ಎದ್ದು ಹೋಗುತ್ತಾಳೆ, ಸ್ವಲ್ಪ ಹೊತ್ತಿಗೆ ಕಿವಿ ಮುಚ್ಚಿಕೊಂಡು ಮನೆಯತ್ತ ಸರಸರ ನಡೆಯುತ್ತಾಳೆ. ಇದನ್ನು ಅವರು ಎಷ್ಟೋ ಸಲ ನೋಡಿದ್ದರು. ಕಿವಿನೋವು ಇರಬೇಕು ಎಂದುಕೊಂಡು ಸುಮ್ಮನಾಗಿದ್ದರು. ನಾಲ್ಕು ವರ್ಷ ಹೀಗೆಯೇ ಕಳೆಯಿತು. ಒಂದು ದಿನವಾದರೂ "ಯಾಕವ್ವಾ ಎದ್ದು ಹೋಗ್ತಿ" ಎಂದು ಬಾಯಿಬಿಟ್ಟು ಕೇಳಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ.

ಸರ್ಕಾರಿ ಲೆಕ್ಕದ ಫಸಲಿ ವರ್ಷ ಸಾವಿರದ ಮುನ್ನೂರ ಇಪ್ಪತ್ತೇಳರ ಚಳಿಗಾಲದಲ್ಲಿ ಇಲಿಗಳು ಸತ್ತು ಬೀಳತೊಡಗಿದವು. ಮೊದಲು ಗೌಡರ ಜೋಳದ ಹಗೇವಿನ ಬಾಯಲ್ಲಿ ಎರಡು, ಆಮೇಲೆ ಚಾವಡಿಯ ಮಾಡಿನಿಂದ ಹಗಲು ಹೊತ್ತಿನಲ್ಲೇ ಒಂದು, ಬರೆಯುತ್ತ ಕೂತವರ ಮುಂದೆಯೇ ಧಪ್ಪೆಂದು ಬಿತ್ತು. ಪ್ಲೇಗ್ ಬಂದಿದೆಯೆಂದು ಮೂರನೆಯ ದಿನ ಡಂಗುರ ಹೊಡೆಸಿದರು. ಸರ್ಕಾರದ ಹುಕುಂ, ಎಲ್ಲರೂ ಊರು ಬಿಟ್ಟು ಹೊಲಕ್ಕೆ ಹೋಗಬೇಕು. ಜನ ಬಾಗಿಲಿಗೆ ಮುಳ್ಳು ಹಚ್ಚಿ, ಗಂಟುಮೂಟೆ ಹೊತ್ತು, ನಿಂತ ಜೋಳದ ನಡುವೆ ಗುಡಿಸಲು ಹಾಕಿಕೊಂಡರು. ನಾಯಿಗಳು ಮಾತ್ರ ಖಾಲಿ ಊರಲ್ಲೇ ಉಳಿದವು. ಮೊದಲ ವಾರ ಅವು ಬೊಗಳುವುದು ಹೊಲದವರೆಗೂ ಕೇಳುತ್ತಿತ್ತು. ಎರಡನೆಯ ವಾರ ಕೇಳಲಿಲ್ಲ.

ನರಸಣ್ಣನವರು ಹೊಲದಲ್ಲೇ ಬನ್ನಿ ಮರದ ಕೆಳಗೆ ಒಂದು ತಡಿಕೆ ಕಟ್ಟಿ ಬೆಳಗಿನ ಪ್ರಾರ್ಥನೆ ನಡೆಸುತ್ತಿದ್ದರು. ಬರುವವರು ದಿನೇ ದಿನೇ ಕಡಿಮೆಯಾಗುತ್ತಿದ್ದರು. ಆ ದಿನ ಬರದವರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಆ ಮಂಗಳವಾರ ಗಾಳೆಪ್ಪ ಎದ್ದಾಗ ಮೈ ಕೆಂಡದಂತೆ ಸುಡುತ್ತಿತ್ತು. ಮಧ್ಯಾಹ್ನಕ್ಕೆ ತೊಡೆಯ ಸಂದಿಯಲ್ಲಿ ನಿಂಬೆಕಾಯಿಯಷ್ಟು ಗಂಟು ಎದ್ದಿತು. ಪಕೀರಮ್ಮ ಅದನ್ನು ಕಂಡು ಪಂಚೆಯನ್ನು ಮತ್ತೆ ಅದರ ಮೇಲೆ ಎಳೆದಳು.

ಅಂಬಪ್ಪ ಸುಮ್ಮನೆ ಕೂರುವವನಲ್ಲ. ರೋಗಿಯನ್ನು ಬಂಡಿಗೆ ಹಾಕಿಕೊಳ್ಳಲು ಯಾರೂ ಒಪ್ಪದಿದ್ದಾಗ ಬಾಡಿಗೆ ಬಂಡಿಯ ಲಾಲ್‌ಸಾಬನ ಕಾಲು ಹಿಡಿದು ಒಪ್ಪಿಸಿಕೊಂಡು ಬಂದ. ಬುಧವಾರ ಬೆಳಗ್ಗೆ ಲಾಲ್‌ಸಾಬ್ ಬಂಡಿಗೆ ಹುಲ್ಲು ಹಾಸಿ, ಎತ್ತು ಹೂಡಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಗುಡಿಸಲಿಂದ ದೂರ ನಿಂತ.

"ಅತ್ತಿಗಿ, ಲಿಂಗಸುಗೂರ ದವಾಖಾನಿಗೆ ಒಯ್ಯೋಣು. ಒಂದೂವರಿ ದಿನದ ದಾರಿ. ಗಂಟು ಕೊಯ್ದು ಉಳಿಸ್ಯಾರಂತ ಒಬ್ಬಾವನ್ನ" ಎಂದ ಅಂಬಪ್ಪ.

"ತಡಿ. ಒಂದು ನುಡಿ ಹಿಡ್ಕೊಂಡು ಬರ್ತೀನಿ."

"ಈಗ ನುಡಿ ಹಿಡಿಯೋ ಹೊತ್ತೇನು?"

"ಈಗಲ್ಲದ ಇನ್ಯಾವಾಗೋ? ಹಾದ್ಯಾಗ ಸತ್ರ ಯಾರೂರ ಮಣ್ಣಿಗೆ ಹಾಕ್ತಿ ನಿಮ್ಮಣ್ಣನ್ನ?"

ಆಕೆ ತಣ್ಣೀರು ಹಾಕಿಕೊಂಡು ಒದ್ದೆ ತಲೆಯಲ್ಲೇ ಬನ್ನಿ ಮರದ ಕಡೆ ನಡೆದಳು. ಒಯ್ಯಲೋ ಬೇಡವೋ, ಉಳಿದಾನೋ ಇಲ್ಲವೋ. ಇದೊಂದೇ ಮಾತನ್ನು ಎದೆಯಲ್ಲಿ ಒತ್ತಿ ಹಿಡಿದು ತಡಿಕೆಯ ಹಿಂದೆ ನಿಂತಳು. ಒಳಗೆ ಹಾಡು ಮುಗಿಯಿತು. ಗ್ರಂಥದ ಹಾಳೆ ತಿರುವಿದ ಸಪ್ಪಳವಾಯಿತು. ನರಸಣ್ಣನವರು ಕೆಮ್ಮಿ, ಓದಿ, ಬಿಡಿಸಿ ಹೇಳತೊಡಗಿದರು.

"ದೇವರು ಅವಗ ಹೇಳಿ ಕಳಿಸಿದ್ದೇನಂದ್ರ, ನಿನ್ನ ಮನಿ ಬಂದೋಬಸ್ತ ಮಾಡ್ಕೋ, ನೀ ಸಾಯ್ತಿ, ಉಳಿಯಂಗಿಲ್ಲ."

ಪಕೀರಮ್ಮ ಮುಂದಿನ ಮಾತಿಗೆ ನಿಲ್ಲಲಿಲ್ಲ. ಸೆರಗು ತಾನಾಗಿ ಕಿವಿಗೆ ಬಂತು. ಆಕೆ ಎರಡೂ ಕೈಯಿಂದ ಕಿವಿ ಒತ್ತಿಕೊಂಡು ಜೋಳದ ನಡುವಿನ ಕಾಲುದಾರಿಯಲ್ಲಿ ಹಿಂದೆ ನೋಡದೆ ನಡೆದಳು. ಬೇಡವಾದ ನುಡಿಯನ್ನು ಒಡೆದು ಹಾಕಲು ಇನ್ನೊಂದು ಮಾತನ್ನು ಕಿವಿಗೆ ಬಿಟ್ಟುಕೊಳ್ಳಬಹುದಿತ್ತು. ಆದರೆ ಆಕೆ ಪ್ರಾಮಾಣಿಕಳು. ದೇವರು ಮುಖಕ್ಕೆ ಮುಖ ಕೊಟ್ಟು ಹೇಳಿದ ಮಾತಿನಿಂದ ನುಣುಚಿಕೊಳ್ಳುವ ಜಾಯಮಾನ ಆಕೆಯದಲ್ಲ.

"ಬಂಡಿ ಬ್ಯಾಡ" ಎಂದಳು ಬಂದವಳೇ.

ಲಾಲ್‌ಸಾಬ್ ಬಾಯಿಯ ಬಟ್ಟೆ ಸರಿಸಿದ. "ಯಮ್ಮಾ, ಜೀವ ಕೈಯಾಗ ಹಿಡ್ಕೊಂಡು ಬಂದೀನಿ. ಎತ್ತು ಹೂಡೀನಿ. ಇನ್ನೊಮ್ಮೆ ಬಾ ಅಂದ್ರ ನಾ ಬರಂಗಿಲ್ಲ ನೋಡು."

"ಬರಬ್ಯಾಡಪ್ಪ. ನಿನಗ ಪುಣ್ಯ ಬರಲಿ. ಹೋಗು."

ಬಂಡಿ ತಿರುಗಿ ಹೋಯಿತು. ಅದರ ಗಾಲಿಯ ಸಪ್ಪಳ ಅಡಗುವವರೆಗೆ ಅಂಬಪ್ಪ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದ. ಅಡಗಿದ ಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟ.

ಬಂದೋಬಸ್ತ್ ಮಾಡಿಕೊ ಎಂದಿತ್ತು ನುಡಿ. ಪಕೀರಮ್ಮ ಅದನ್ನು ಅಕ್ಷರ ಬಿಡದೆ ನಡೆಸಿದಳು. ಗಾಳೆಪ್ಪನ ತೊಗಲು ಕೊಯ್ಯುವ ರಂಪಿಗೆ, ಉಳಿ, ದಬ್ಬಳಗಳನ್ನು ಒರೆಸಿ ಅಂಬಪ್ಪನ ಕೈಗೆ ಕೊಟ್ಟಳು. ಒಳ್ಳೆಯ ಪಂಚೆಯನ್ನು ಒಗೆದು ಬೇಲಿಯ ಮೇಲೆ ಒಣಹಾಕಿದಳು. ಮುಕ್ಕುಂದದ ಮಗಳು ಯಾವ ಕಾರಣಕ್ಕೂ ಬರಕೂಡದೆಂದು ಆ ಕಡೆ ಹೋಗುವವನೊಬ್ಬನಿಗೆ ದೂರದಿಂದಲೇ ಕೂಗಿ ಹೇಳಿದಳು. ಪ್ಲೇಗಿನ ಹೆಣ ಒಂದು ಗಳಿಗೆಯೂ ಇರಬಾರದೆಂದು ಚಾವಡಿಯವರು ತಾಕೀತು ಮಾಡಿದ್ದರು. ಹಾಗಾಗಿ ಸಂಜೆಯೊಳಗೆ ಕುಣಿ ಅಗೆದಿಡಲು ಮೈದುನನಿಗೆ ಹೇಳಿದಳು. ಗುಡಿಸಲಿಂದ ಕೂಗಳತೆಯಲ್ಲಿ, ಹೊಲದ ಬದುವಿನ ಕೆಳಗೆ. ಅಂಬಪ್ಪ ಬೇಡವೆಂದ. ಆಕೆ ತಾನೇ ಗುದ್ದಲಿಗೆ ಕೈ ಹಾಕಿದಾಗ ಕಸಿದುಕೊಂಡು ಹೋದ.

ಬಿರುಸು ನೆಲ. ಒಂದೊಂದು ಏಟಿಗೂ ಗುದ್ದಲಿ ಕಣ್ ಕಣ್ ಎನ್ನುತ್ತಿತ್ತು.

ಜ್ವರದ ಮಂಪರಿನಲ್ಲಿದ್ದ ಗಾಳೆಪ್ಪ ಕಣ್ಣು ಬಿಟ್ಟ. "ಏನದು ಸಪ್ಪಳ?"

ಪಕೀರಮ್ಮ ಸುಳ್ಳು ಹೇಳಬಹುದಿತ್ತು. ಬಾವಿ ಎನ್ನಬಹುದಿತ್ತು, ಒಡ್ಡು ಎನ್ನಬಹುದಿತ್ತು.

"ಅಂಬಪ್ಪ ಅಗಿಯಾಕತ್ತಾನ. ನುಡಿ ಬಂದೈತಿ. ನೀ ಉಳಿಯಂಗಿಲ್ಲಂತ."

"ಯಾರ ಮನಿ ನುಡಿ?"

"ದೇವರದ. ಅಯ್ಯಾರ ಬಾಯಿಲೆ."

ಗಾಳೆಪ್ಪ ಕಷ್ಟಪಟ್ಟು ಹೊರಳಿ ಗುಡಿಸಲ ತಡಿಕೆಗೋಡೆಯ ಕಡೆ ಮುಖ ಮಾಡಿದ. ಅವನ ಬೆನ್ನು ಅಲುಗುತ್ತಿತ್ತು. ಅದು ಜ್ವರದ ನಡುಕವೋ ಅಳುವೋ ಆಕೆ ಕೇಳಲಿಲ್ಲ. ಅಂದು ಸಂಜೆ ಗಂಜಿ ಒಯ್ದಾಗ ಅವನು ತಿರುಗಲಿಲ್ಲ, ಆಕೆಯೂ ಬಲವಂತ ಮಾಡಲಿಲ್ಲ. ಮರುದಿನ ಒಲೆಯನ್ನೇ ಹಚ್ಚಲಿಲ್ಲ. ತುಟಿಗೆ ಬಟ್ಟೆಯ ತುದಿಯಿಂದ ಎರಡು ಹನಿ ನೀರು ಹಿಂಡಿ ಕೈಬಿಟ್ಟಳು. ಹೋಗು ಎಂದು ದೇವರೇ ಹೇಳಿದವನನ್ನು ಇರು ಎಂದು ಎಳೆಯುವುದು ಪಾಪವಾದೀತು ಎಂಬ ಹೆದರಿಕೆ ಆಕೆಗೆ. ಗುಡಿಸಲ ಬಾಗಿಲಲ್ಲಿ ಕೂತು ಅವನ ಉಸಿರನ್ನು ಕೇಳುತ್ತಿದ್ದಳು. ಅದು ನಿಲ್ಲುವುದನ್ನು ಕಾಯುತ್ತಿದ್ದಳು ಎಂದೇ ಹೇಳಬೇಕು. ಉಸಿರು ನಿಲ್ಲಲಿಲ್ಲ.

ಶುಕ್ರವಾರ ಬೆಳಗ್ಗೆ ನರಸಣ್ಣನವರು ಪಕ್ಕದ ಹೊಲದಲ್ಲಿ ಒಂದು ಮಣ್ಣು ಮುಗಿಸಿ ಬರುವಾಗ ಬದುವಿನ ಕೆಳಗಿನ ಕುಣಿ ಕಣ್ಣಿಗೆ ಬಿತ್ತು. ಅದರ ದಂಡೆಯ ಮೇಲೆ ಅಂಬಪ್ಪ ತಲೆಗೆ ಕೈ ಹೊತ್ತು ಕೂತಿದ್ದ.

"ಯಾರು ಹೋದ್ರು ಅಂಬಪ್ಪ?"

"ಇನ್ನ ಯಾರೂ ಹೋಗಿಲ್ರಿ."

ನರಸಣ್ಣನವರಿಗೆ ಅರ್ಥವಾಗಲಿಲ್ಲ. ಅಂಬಪ್ಪ ಎಲ್ಲವನ್ನೂ ಹೇಳಿದ. ಬುಧವಾರ ತಾವು ಓದಿದ್ದು ಅವರ ನೆನಪಿಗೆ ಬಂತು. ಪಂಚೆ ಎತ್ತಿ ಕಟ್ಟಿಕೊಂಡು ಅರವತ್ತರ ಮುದುಕ ಜೋಳದ ನಡುವೆ ಓಡಿದರು.

ಗುಡಿಸಲ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತು, "ಪಕೀರಮ್ಮ, ಬುಧವಾರ ನೀ ಏನು ಕೇಳಿದಿ?" ಎಂದರು.

ಆಕೆ ಒಂದಕ್ಷರ ತಪ್ಪದೆ ಹೇಳಿದಳು.

"ಅದರ ಮುಂದ?"

"ಮುಂದ ಯಾಕ ಕೇಳಬೇಕ್ರಿ ಅಯ್ಯಾರ? ನುಡಿ ಬಂತಲ್ಲ."

ನರಸಣ್ಣನವರು ಅಲ್ಲೇ ನೆಲದ ಮೇಲೆ ಕೂತರು. ಪ್ಲೇಗಿನ ಗುಡಿಸಲೆಂಬುದು ಅವರಿಗೆ ಮರೆತೇ ಹೋಗಿತ್ತು. "ಯವ್ವಾ, ಅದು ಒಬ್ಬ ದೊರಿ ಕಥಿ. ಅವಗೂ ಇಂಥಾದ ಹುಣ್ಣು ಆಗಿತ್ತು. ಸಾಯ್ತಿ ಅಂತ ಪ್ರವಾದಿ ಹೇಳಿ ಹೋದ. ದೊರಿ ಗೋಡಿ ಕಡೆ ಮುಖ ಮಾಡಿ ಮಕ್ಕೊಂಡು ಅತ್ತ. ದೇವರನ್ನ ಕರದು ಕರದು ಅತ್ತ. ಪ್ರವಾದಿ ಇನ್ನ ಅಂಗಳ ದಾಟಿದ್ದಿಲ್ಲ, ದೇವರು ಅವನ್ನ ತಿರುಗಿ ಕಳಿಸಿದ. ನಿನ್ನ ಕಣ್ಣೀರು ನೋಡೀನಿ, ನಿನಗ ಇನ್ನ ಹದಿನೈದು ವರ್ಸ ಕೊಟ್ಟೀನಿ ಅಂತ ಹೇಳಿಸಿದ. ಅಂಜೂರದ ಹಣ್ಣು ಅರದು ಹುಣ್ಣಿಗೆ ಕಟ್ಟಿದ್ರು. ದೊರಿ ಎದ್ದ. ಇಷ್ಟೂ ನಾ ಆ ದಿನಾನ ಓದಿದ್ದೆ. ನೀ ಕಿವಿ ಮುಚ್ಚಿಕೊಂಡು ಬಂದ ಮ್ಯಾಲ ಬಿಡಿಸಿ ಹೇಳಿದ್ದೆ."

ಪಕೀರಮ್ಮ ತಡಿಕೆಯ ಕಡೆ ಮುಖ ಮಾಡಿ ಮಲಗಿದ್ದ ಗಂಡನ ಬೆನ್ನನ್ನು ನೋಡಿದಳು. ಆಕೆಯ ಬಾಯಿಂದ ಮಾತಲ್ಲದ ಒಂದು ಸ್ವರ ಹೊರಟಿತು. ಮರುಗಳಿಗೆಗೆ ನರಸಣ್ಣನವರ ಕೈ ಹಿಡಿದುಕೊಂಡಳು.

"ಹದಿನೈದು ವರ್ಸ! ಹಂಗಾದ್ರ ಖರೇ ನುಡಿ ಅದ ಅಂದಂಗಾತು. ಅಲ್ರೀ ಅಯ್ಯಾರ? ನಮ್ಮಾಂವಗೂ ಹದಿನೈದು ವರ್ಸ ಐತಿ!"

ಹೌದು ಎಂದುಬಿಡುವುದು ಸುಲಭವಿತ್ತು. ಅವರ ಗಂಟಲಿಗೆ ಬಂದೇ ಬಿಟ್ಟಿತ್ತು. ನನಗೆ ಅವರ ಮೇಲೆ ಸಿಟ್ಟಿದೆ ಎಂದೆನಲ್ಲ, ಆ ಗಳಿಗೆಗಾಗಿ ಮಾತ್ರ ಅವರಿಗೆ ಕೈ ಮುಗಿಯುತ್ತೇನೆ.

"ಇಲ್ಲವ್ವಾ" ಎಂದರು. "ಅದೂ ಆ ದೊರಿಗೆ ಹೇಳಿದ್ದು. ಗಾಳೆಪ್ಪ ಸಾಯ್ತಾನಂತನೂ ಇದರಾಗ ಬರದಿಲ್ಲ, ಹದಿನೈದು ವರ್ಸ ಬದುಕ್ತಾನಂತನೂ ಬರದಿಲ್ಲ. ಇದು ಕಣಿ ಹೇಳೋ ಪುಸ್ತಕಲ್ಲ. ಗೋಡಿ ಕಡೆ ಮುಖ ಮಾಡಿ ಅಳಾವರ ಮಾತು ದೇವರಿಗೆ ಕೇಳ್ತೈತಿ, ಅಷ್ಟು ಬರದೈತಿ. ದೇವರ ಮಾತು ಸಿಕ್ಕ ಮ್ಯಾಲೂ ಆ ದೊರಿಗೆ ಔಷಧ ಕಟ್ಟೋದು ಯಾರೂ ಬಿಡಲಿಲ್ಲ. ಅದೂ ಬರದೈತಿ. ನೀ ನೀರು ಹಾಕೋದ ಬಿಟ್ಟೀಯಲ್ಲ ಯವ್ವಾ."

"ಉಳೀತಾನೋ ಇಲ್ಲೋ ಅಂತ ಗೊತ್ತಿಲ್ಲದ ನಾ ಹೆಂಗ ಕೂಡಲ್ರಿ?"

"ಎಲ್ಲಾರೂ ಹಂಗ ಕೂಡೋದು. ನಾನೂ ಕೂಡ್ತೀನಿ, ನಿನ್ನ ಸಂಗಾಟ. ತಪ್ಪು ನಂದೂ ಐತಿ."

ಪಕೀರಮ್ಮ ಒಲೆ ಹಚ್ಚಿದಳು. ಗಂಜಿ ಕುದಿಯುವವರೆಗೆ ಗಂಡನ ಕಿವಿಯ ಹತ್ತಿರ ಬಾಯಿಟ್ಟು, "ಈ ಕಡೆ ತಿರುಗು, ತಪ್ಪಾಗೈತಿ ನಂದು, ತಿರುಗು" ಎಂದು ಬೇಡಿದಳು. ಅವನು ತಿರುಗಿದ. ಕಣ್ಣು ಒಳಗೆ ಹೋಗಿದ್ದವು, ತುಟಿ ಸೀಳಿತ್ತು. ಆರಿದ ಗಂಜಿಯನ್ನು ಚಿಪ್ಪಿನಲ್ಲಿ ಹಾಕಿದಾಗ ನಾಲ್ಕು ಗುಟುಕು ಇಳಿಯಿತು. ಅಂಬಪ್ಪ ಲಾಲ್‌ಸಾಬನನ್ನು ಹುಡುಕಿಕೊಂಡು ಓಡಿದ. ಬಂಡಿ ಮಸ್ಕಿಯ ಕಡೆ ಹೋಗಿದೆ, ಯಾವಾಗ ಬರುತ್ತದೋ ತಿಳಿಯದು ಎಂಬ ಉತ್ತರ ತಂದ.

ಗಾಳೆಪ್ಪನ ಎದುರು ನರಸಣ್ಣನವರು ಆ ಭಾಗವನ್ನು ಮೊದಲಿಂದ ಕೊನೆಯವರೆಗೆ ಓದಿ ಬಿಡಿಸಿ ಹೇಳಿದರು. ಪಕೀರಮ್ಮ ಕೂತು ಕೇಳಿದಳು. ಮೊದಲ ಮಾತು ಬಂದಾಗ ಆಕೆಯ ಕೈ ಸೆರಗಿಗೆ ಹೋಯಿತು, ಅದನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಳು. ಓದು ಮುಗಿದಾಗ ಗಾಳೆಪ್ಪ ಕ್ಷೀಣ ದನಿಯಲ್ಲಿ ಕೇಳಿದ.

"ನಾ ಆ ಕಡೆ ಮುಖ ಮಾಡಿ ಅತ್ತಿದ್ದು ಅವರಿಗೆ ಹೆಂಗ ಗೊತ್ತಾತ್ರಿ, ಅಷ್ಟ ಹಿಂದ?"

ನರಸಣ್ಣನವರು ಗ್ರಂಥ ಮುಚ್ಚಿದರು. ಕಣ್ಣು ಒರೆಸಿಕೊಂಡರು.

ಮಧ್ಯಾಹ್ನದ ಬಿಸಿಲಿನಲ್ಲಿ ಪಕೀರಮ್ಮ ಬುಟ್ಟಿ ತೆಗೆದುಕೊಂಡು ಬದುವಿನ ಕೆಳಗೆ ಇಳಿದಳು. ಕುಣಿಯ ದಂಡೆಯ ಮಣ್ಣನ್ನು ಕೈಯಿಂದಲೇ ಬಾಚಿ ಬಾಚಿ ಒಳಗೆ ಸುರಿಯತೊಡಗಿದಳು. ಉಗುರು ಕಿತ್ತು ರಕ್ತ ಬಂದರೂ ನಿಲ್ಲಿಸಲಿಲ್ಲ. ನಡುನಡುವೆ ಗುಡಿಸಲಿಗೆ ಹೋಗಿ ಗುಟುಕು ನೀರು ಹಾಕಿ ಬರುತ್ತಿದ್ದಳು. ಹೊತ್ತು ಇಳಿಯುವಷ್ಟರಲ್ಲಿ ಕುಣಿ ತುಂಬಿ ನೆಲ ಸಮನಾಯಿತು. ಅವನು ಉಳಿಯುತ್ತಾನೆಂದು ಆಕೆ ಎಣಿಸಿದ್ದಳೇ? ಇಲ್ಲ. ಜೀವವಿದ್ದವನ ಕುಣಿ ಬಾಯಿ ತೆರೆದುಕೊಂಡು ಇರಕೂಡದು, ಅಷ್ಟೇ.

ಶನಿವಾರ ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಗಾಳೆಪ್ಪ ಹೆಂಡತಿಯ ಮುಖ ನೋಡುತ್ತಲೇ ಹೋದ. ಬುಧವಾರವೇ ಬಂಡಿ ಹೊರಟಿದ್ದರೆ, ಆ ಎರಡು ದಿನ ಗಂಜಿ ನೀರು ಸಿಕ್ಕಿದ್ದರೆ ಉಳಿಯುತ್ತಿದ್ದನೋ ಏನೋ, ಹೇಳಬಲ್ಲವರು ಯಾರೂ ಇಲ್ಲ. ಆಕೆ ಮತ್ತೆ ಇಪ್ಪತ್ತೆಂಟು ವರ್ಷ ಬದುಕಿದಳು. ಅಷ್ಟೂ ವರ್ಷ ಆ ಪ್ರಶ್ನೆ ಆಕೆಯ ಜೊತೆಗೇ ಇತ್ತು.

ಚಾವಡಿಯ ತಳವಾರ ದೂರದಿಂದ ಲಗು ಮಾಡ್ರಿ ಎಂದು ಕೂಗುತ್ತಿದ್ದ. ಅಂಬಪ್ಪ ಗುದ್ದಲಿ ಹಿಡಿದು ಸಮನಾದ ನೆಲದ ಮೇಲೆ ನಿಂತ. ಅವನಿಗೂ ದುಃಖ ತಡೆಯಲಾಗಲಿಲ್ಲ, ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

"ನಿನ್ನೆ ನೀ ತುಂಬದಿದ್ರ ಈ ಹೊತ್ತಿಗೆ ಮಣ್ಣು ಮುಗೀತಿತ್ತು ಅತ್ತಿಗಿ. ಒಂದ ಕುಣಿ ಎರಡು ಸಲ ಅಗಿಯೋ ಹಣೇಬರಾ ನಂದು."

ಪಕೀರಮ್ಮ ಬೆರಳುಗಳಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಬುಟ್ಟಿ ಎತ್ತಿಕೊಂಡಳು.

"ಅಗಿಯೋ. ಅವತ್ತು ಜೀವಂತ ಇದ್ದಾವಗ ಅಗಸಿದ್ದೆ, ನಾ ಪಾಪಿ. ಇವತ್ತು ಸತ್ತಾವಗ ಅಗಿಯಾಕತ್ತೀವಿ. ಅಗಿ, ನಾ ಮಣ್ಣು ಹೊರತೀನಿ."